ಕೈರೋ ಭಾಷಣವನ್ನು ಕನ್ನಡಕ್ಕೆ ತಂದ ರಾತ್ರಿ

2009ರ ಜೂನ್ 4, ಗುರುವಾರ. ಕೈರೋದಲ್ಲಿ ಮಧ್ಯಾಹ್ನ ಒಂದು ಗಂಟೆ ದಾಟಿತ್ತು, ನಮ್ಮಲ್ಲಿ ಸಂಜೆ ನಾಲ್ಕರ ಹತ್ತಿರ. ನಾನಾಗ ಒಂದು ಕನ್ನಡ ಪತ್ರಿಕೆಯ ವಿದೇಶ ಸುದ್ದಿ ಡೆಸ್ಕಿನಲ್ಲಿದ್ದೆ. ಟಿ.ವಿ.ಯಲ್ಲಿ ಕೈರೋ ವಿಶ್ವವಿದ್ಯಾಲಯದ ಸಭಾಂಗಣ. ಜಗತ್ತಿನ ಮುಸ್ಲಿಮರನ್ನು ಉದ್ದೇಶಿಸಿ ಮಾತಿಗೆ ನಿಂತ ಅಮೆರಿಕದ ಆಗಿನ ಅಧ್ಯಕ್ಷ ಬರಾಕ್ ಒಬಾಮ, ತಮ್ಮ ದೇಶದ ಮುಸ್ಲಿಮರ ಪರವಾಗಿ ‘ಅಸ್ಸಲಾಮು ಅಲೈಕುಂ’ ಎಂದರು. ಸಭೆಯಲ್ಲಿ ಚಪ್ಪಾಳೆ, ನಮ್ಮ ಡೆಸ್ಕಿನಲ್ಲಿ ಕೀಬೋರ್ಡುಗಳ ಸದ್ದು ನಿಂತ ಮೌನ.

55 ನಿಮಿಷದ ಭಾಷಣ. ಇಂಗ್ಲಿಷಿನಲ್ಲಿ ಸುಮಾರು 6,000 ಪದ. ಅದನ್ನು ಅರ್ಧ ಪುಟಕ್ಕೆ ಇಳಿಸಿ ರಾತ್ರಿ ಹತ್ತೂವರೆಗೆ ಕೊಡಬೇಕೆಂದು ನನಗೆ ವಹಿಸಿದರು. ಸುದ್ದಿ ಬೇರೆಯವರು ಬರೆಯುತ್ತಾರೆ, ನನ್ನ ಪಾಲಿಗೆ ಬಂದದ್ದು ಭಾಷಣದ ಮಾತುಗಳೇ.

ಮೊದಲು ಪೂರ್ತಿ ಪಠ್ಯವನ್ನು ಪ್ರಿಂಟ್ ತೆಗೆದು ಎರಡು ಸಲ ಓದಿದೆ. ಹಿಂಸಾವಾದ, ಇಸ್ರೇಲ್–ಪ್ಯಾಲೆಸ್ತೀನ್, ಅಣ್ವಸ್ತ್ರ, ಪ್ರಜಾಪ್ರಭುತ್ವ, ಧಾರ್ಮಿಕ ಸ್ವಾತಂತ್ರ್ಯ, ಮಹಿಳೆಯರ ಹಕ್ಕು, ಆರ್ಥಿಕ ಅಭಿವೃದ್ಧಿ ಎಂದು ಅವರು ಏಳು ವಿಷಯ ಎತ್ತಿಕೊಂಡಿದ್ದರು. ಎರಡನೇ ಓದಿನಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. ಅಷ್ಟುದ್ದದ ಭಾಷಣದಲ್ಲಿ ‘ಟೆರರಿಸಂ’ ಎಂಬ ಪದ ಎಲ್ಲೂ ಇಲ್ಲ. ಸೆಪ್ಟೆಂಬರ್ 11 ಇದೆ, ಅಲ್‌ಖೈದಾ ಇದೆ, ಸತ್ತವರ ಲೆಕ್ಕವಿದೆ. ಆ ಪದ ಮಾತ್ರ ಇಲ್ಲ. ಅದರ ಜಾಗದಲ್ಲಿ ‘ವಯಲೆಂಟ್ ಎಕ್ಸ್‌ಟ್ರೀಮಿಸಂ’ ಎಂದು ಹೇಳಿದ್ದರು. ಬೇಕೆಂದೇ ಬಿಟ್ಟ ಪದ ಅದು. ಎಂಟು ವರ್ಷ ಅಮೆರಿಕದ ಬಾಯಲ್ಲಿ ಆ ಪದ ಕೇಳಿ ಕೇಳಿ ನೊಂದವರ ಮುಂದೆ ನಿಂತು, ಅದನ್ನು ಬಿಟ್ಟು ಮಾತಾಡುವುದೇ ಆ ಭಾಷಣದ ಅರ್ಧ ಸಂದೇಶ.

ನನ್ನ ಕಷ್ಟ ಶುರುವಾದದ್ದು ಅಲ್ಲಿಂದ. ನಮ್ಮ ಪತ್ರಿಕೆಗಳಲ್ಲಿ ‘ಉಗ್ರವಾದ’ ಎಂದರೂ ‘ಭಯೋತ್ಪಾದನೆ’ ಎಂದರೂ ಒಂದೇ. ‘ಉಗ್ರರು’ ಎಂದರೆ ಓದುಗರ ಕಣ್ಣ ಮುಂದೆ ಬಂದೂಕು ಬರುತ್ತದೆ. ಹಾಗಾಗಿ ‘ಹಿಂಸೆಗಿಳಿದ ತೀವ್ರವಾದ’ ಎಂದು ಬರೆದುಕೊಂಡೆ. ಉದ್ದವಾಯಿತು, ಸ್ವಲ್ಪ ತೊಡರುತ್ತದೆ ಕೂಡ. ಆದರೂ ಅವರು ಬಿಟ್ಟದ್ದನ್ನು ನಾನು ಸೇರಿಸಲಿಲ್ಲ ಎಂಬ ನೆಮ್ಮದಿ ಇತ್ತು.

ಅದಕ್ಕಿಂತ ಗಟ್ಟಿ ಗಂಟು ‘ಸೆಟ್ಲ್‌ಮೆಂಟ್’. ಪ್ಯಾಲೆಸ್ತೀನಿನ ನೆಲದಲ್ಲಿ ಇಸ್ರೇಲ್ ಕಟ್ಟುವ ಊರುಗಳಿಗೆ ನಾವು ‘ಯಹೂದಿ ವಸಾಹತು’ ಎಂದೇ ಬರೆಯುತ್ತ ಬಂದಿದ್ದೆವು. ಆದರೆ ಭಾಷಣದ ಆರಂಭದಲ್ಲೇ ಒಬಾಮ, ಮುಸ್ಲಿಮರ ಹಕ್ಕು ಅವಕಾಶಗಳನ್ನು ಕಸಿದ ಕಲೋನಿಯಲಿಸಂ ಬಗ್ಗೆ ಹೇಳಿದ್ದರು. ಅದಕ್ಕೆ ಕನ್ನಡದಲ್ಲಿ ‘ವಸಾಹತುಶಾಹಿ’ ಬಿಟ್ಟು ಬೇರೆ ಪದವಿಲ್ಲ. ಅಲ್ಲೂ ವಸಾಹತು, ಇಲ್ಲೂ ವಸಾಹತು ಎಂದರೆ ಎರಡೂ ಒಂದೇ ಎಂದು ಅಮೆರಿಕದ ಅಧ್ಯಕ್ಷರೇ ಹೇಳಿದಂತಾಗುತ್ತದೆ. ಹಾಗೆ ವಾದಿಸುವವರು ಬಹಳ ಜನ ಇದ್ದಾರೆ, ಆದರೆ ಒಬಾಮ ಅಂದು ಅದನ್ನು ಹೇಳಲಿಲ್ಲ. ಇಸ್ರೇಲ್ ಜತೆಗಿನ ನಂಟು ಮುರಿಯಲಾಗದ್ದು ಎಂದೂ ಅದೇ ಉಸಿರಿನಲ್ಲಿ ಹೇಳಿದ್ದರು. ‘ಬಡಾವಣೆ’ ಎಂದು ಬರೆದು ನೋಡಿದೆ. ಬೆಂಗಳೂರಿನ ಸೈಟು ಹಂಚಿಕೆಯ ವಾಸನೆ ಬಂತು, ಹೊಡೆದುಹಾಕಿದೆ. ಕೊನೆಗೆ ‘ನೆಲೆ’ ಎಂದಿಟ್ಟೆ. ‘ಇಸ್ರೇಲ್ ಮುಂದುವರಿಸಿರುವ ನೆಲೆಗಳು ನ್ಯಾಯಸಮ್ಮತ ಎಂಬುದನ್ನು ಅಮೆರಿಕ ಒಪ್ಪುವುದಿಲ್ಲ. ಇವು ನಿಲ್ಲಬೇಕಾದ ಕಾಲ ಬಂದಿದೆ.’ ಈ ಎರಡು ವಾಕ್ಯಕ್ಕೆ ಮುಕ್ಕಾಲು ಗಂಟೆ ಹೋಯಿತು.

ಕೆಲವು ಕಡೆ ಕನ್ನಡವೇ ಇಂಗ್ಲಿಷಿಗಿಂತ ಹತ್ತಿರವಿತ್ತು. ಇಂಡೊನೇಷ್ಯಾದಲ್ಲಿ ಬಾಲ್ಯ ಕಳೆದಾಗ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಅಜಾನ್ ಕೇಳುತ್ತಿದ್ದೆ ಎಂದಿದ್ದರು. ಅದನ್ನು ನಾನು ಯಾರಿಗೆ ವಿವರಿಸಬೇಕು? ಬಾಂಗ್ ಕೂಗಿದಾಗ ಎದ್ದು ಹಾಲು ಕರೆಯುವ ಊರುಗಳು ನಮ್ಮವು. ‘ಜಕಾತ್’ ಪದವನ್ನೂ ಹಾಗೇ ಬಿಟ್ಟೆ. ನಮ್ಮ ಹಳೆಯ ‘ಜಕಾತಿ’ ಬಂದದ್ದು ಅದೇ ಮೂಲದಿಂದ, ಆದರೆ ಇಲ್ಲಿ ಅದು ದಾನದ ಬದಲು ಸುಂಕವಾಗಿಬಿಟ್ಟಿತು. ಓದುಗರು ಸುಂಕದ ಕಟ್ಟೆ ಎಂದುಕೊಂಡಾರು ಎಂದು ‘ದಾನದ ಕಟ್ಟಳೆಯಾದ ಜಕಾತ್’ ಎಂದು ಮೂರು ಪದ ಮಾಡಿದೆ.

ಒಂಬತ್ತೂವರೆಗೆ ಕೊನೆಯ ಭಾಗಕ್ಕೆ ಬಂದೆ. ಅಲ್ಲಿ ಕುರ್‌ಆನ್, ಯಹೂದಿಗಳ ತಾಲ್ಮುದ್, ಬೈಬಲ್ ಮೂರರಿಂದಲೂ ಒಂದೊಂದು ವಾಕ್ಯವಿದೆ. ಕುರ್‌ಆನಿನ ಮಾತನ್ನು ಇಂಗ್ಲಿಷಿನ ಮೂಲಕ ತರಲು ಮನಸ್ಸು ಒಪ್ಪಲಿಲ್ಲ. ನಮ್ಮ ಬೀದಿಯಲ್ಲೇ ಇದ್ದ ನಿವೃತ್ತ ಉರ್ದು ಮೇಷ್ಟ್ರಿಗೆ ಫೋನ್ ಮಾಡಿದೆ. ಊಟಕ್ಕೆ ಕೂತಿದ್ದರು ಅನಿಸುತ್ತದೆ, ತಟ್ಟೆ ಸರಿಸಿದ ಸದ್ದು ಕೇಳಿಸಿತು. ಕೈ ತೊಳೆದು ಬಂದು ಆಯತ್ತನ್ನು ನಿಧಾನವಾಗಿ ಓದಿದರು. ಮನುಷ್ಯರನ್ನು ಜನಾಂಗಗಳಾಗಿ, ಕುಲಗಳಾಗಿ ಮಾಡಿದ್ದು ‘ಒಬ್ಬರನ್ನೊಬ್ಬರು ಅರಿಯಲೆಂದು’ ಎಂದು ನಾನು ಬರೆದಿದ್ದೆ.

‘ಅಲ್ಲಿರೋದು ಲಿತಆರಫೂ’ ಎಂದರು. ‘ಮನೆಗೆ ಹೊಸಬರು ಬಂದ್ರೆ ನಾವು ತಆರುಫ್ ಮಾಡಿಸ್ತೀವಲ್ಲ, ಅದೇ ಬೇರು. ಅರಿಯೋದು ದೂರ ಕೂತೂ ಆಗತ್ತೆ. ಪರಿಚಯ ಅಂದ್ರೆ ಎದುರು ಬರಬೇಕು.’

‘ಒಬ್ಬರಿಗೊಬ್ಬರು ಪರಿಚಯವಾಗಲೆಂದು’ ಎಂದು ತಿದ್ದಿದೆ. ಆ ಇಡೀ ಅನುವಾದದಲ್ಲಿ ನನಗೆ ಈಗಲೂ ಇಷ್ಟವಾಗುವ ಸಾಲು ಅದು, ಅದರ ಶ್ರೇಯಸ್ಸು ಮೇಷ್ಟ್ರದು.

ಇಕ್ಕಟ್ಟಿನಲ್ಲಿ ಬಹಳಷ್ಟು ಬಿಡಬೇಕಾಯಿತು. ಆರ್ಥಿಕತೆಯ ಭಾಗವನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದೆ. ಇರಾನಿನಲ್ಲಿ ಜನರು ಆರಿಸಿದ ಸರ್ಕಾರವನ್ನು ಉರುಳಿಸಿದ್ದರಲ್ಲಿ ಅಮೆರಿಕದ ಪಾತ್ರವಿತ್ತು ಎಂಬ ಒಪ್ಪಿಗೆಯನ್ನು ಮಾತ್ರ ಬಿಡಬಾರದೆಂದು ಹಟ ಹಿಡಿದೆ. 1953ರ ಆ ತಪ್ಪನ್ನು ಅಮೆರಿಕದ ಅಧ್ಯಕ್ಷರೊಬ್ಬರು ಮುಸ್ಲಿಂ ಶ್ರೋತೃಗಳ ಎದುರು ನಿಂತು ಹೇಳುವುದು ಸಣ್ಣ ಮಾತಲ್ಲ.

ಮರುದಿನ ಬೆಳಿಗ್ಗೆ ಪತ್ರಿಕೆ ಬಿಡಿಸಿದೆ. ಒಳಗಿನ ಪಠ್ಯ ನಾನು ಕೊಟ್ಟ ಹಾಗೇ ಇತ್ತು. ಮೇಲೆ ದಪ್ಪಕ್ಷರದ ಶೀರ್ಷಿಕೆಯಲ್ಲಿ ‘ಭಯೋತ್ಪಾದನೆ’ ಕೂತಿತ್ತು. ನಾನು ಹೊರಟ ಮೇಲೆ ಯಾರೋ ಬದಲಿಸಿದ್ದರು. ಅಂದು ನನಗೆ ತಿಂಡಿ ಸೇರಲಿಲ್ಲ. ಕೇಳಿದ್ದಕ್ಕೆ ‘ಓದುಗರಿಗೆ ಅರ್ಥವಾಗಬೇಕಲ್ಲ’ ಎಂದರು. ನನ್ನ ಉತ್ತರ ಈಗಲೂ ಅದೇ: ಓದುಗರಿಗೆ ಅರ್ಥವಾಗುತ್ತಿತ್ತು. ಮೇಷ್ಟ್ರು ಆ ಪುಟ ಕತ್ತರಿಸಿಟ್ಟುಕೊಂಡಿದ್ದರು, ಶೀರ್ಷಿಕೆಯನ್ನು ಬಿಟ್ಟು.

2011ರ ಫೆಬ್ರುವರಿ 18ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಒಂದು ನಿರ್ಣಯ ಬಂತು, ಇಸ್ರೇಲಿನ ಆ ನೆಲೆಗಳು ಅಕ್ರಮ ಎಂದು. 15 ಸದಸ್ಯರಲ್ಲಿ ಭಾರತವೂ ಸೇರಿ 14 ದೇಶಗಳು ಪರವಾಗಿ ಕೈ ಎತ್ತಿದವು. ಅಮೆರಿಕ ವಿಟೊ ಚಲಾಯಿಸಿ ಅದನ್ನು ತಡೆಯಿತು. ಒಬಾಮ ಆಡಳಿತದ ಮೊದಲ ವಿಟೊ ಅದು. ಆ ಸುದ್ದಿಯೂ ನನ್ನ ಮೇಜಿಗೇ ಬಂತು. ಬರೆದು ಮುಗಿಸಿ, 2009ರ ಫೈಲ್ ತೆರೆದು, ಮುಕ್ಕಾಲು ಗಂಟೆ ತಿಂದಿದ್ದ ಆ ಎರಡು ವಾಕ್ಯಗಳನ್ನು ಒಂದಕ್ಷರವೂ ಬದಲಿಸದೆ ಸುದ್ದಿಯ ಪಕ್ಕದ ಚೌಕದಲ್ಲಿ ಹಾಕಿದೆ.