ಉಣುಗು ಜ್ವರ ಬಂದ ನಾಯಿ ಉಳಿದೀತೇ? ರಕ್ತದ ವರದಿ ಓದುವ ಕ್ರಮ

ಶಿರಸಿ, ಸಿದ್ದಾಪುರದ ತೋಟದ ಮನೆಯಾಗಲಿ, ಕಾರವಾರ, ಅಂಕೋಲೆಯ ಪೇಟೆಯಾಗಲಿ, ನಾಯಿಗೆ ಉಣುಗು ಜ್ವರ ಎಂದು ಗೊತ್ತಾದ ಕೂಡಲೇ ಮನೆಯವರು ಕೇಳುವುದು ಒಂದೇ ಮಾತು: ‘ಪ್ಲೇಟ್‌ಲೆಟ್ ಎಷ್ಟಿದೆ?’ ಡೆಂಗಿ ಕಾಲದಲ್ಲಿ ರೂಢಿಯಾದ ಪ್ರಶ್ನೆ ಇದು. 40,000 ಎಂದರೆ ಆಸೆ ಬಿಡುತ್ತಾರೆ, 1.5 ಲಕ್ಷ ಎಂದರೆ ನಿಶ್ಚಿಂತರಾಗಿ ಎರಡನೇ ಪರೀಕ್ಷೆಗೆ ಹೋಗುವುದೇ ಇಲ್ಲ. ಎರಡೂ ತಪ್ಪು. ಈ ಜ್ವರ ತರುವ ರೋಗಾಣುಗಳಲ್ಲೊಂದಾದ ಬಬೀಸಿಯಾ ತಗುಲಿದ ನಾಯಿಗಳಲ್ಲಿ ಪ್ಲೇಟ್‌ಲೆಟ್ ಇಳಿಯುವುದು ತೀರ ಸಾಮಾನ್ಯ. ಬದುಕುವ ನಾಯಿಯಲ್ಲೂ ಇಳಿಯುತ್ತದೆ, ಸಾಯುವ ನಾಯಿಯಲ್ಲೂ ಇಳಿಯುತ್ತದೆ. ನಾಯಿಯ ಹಣೆಬರಹ ಹೇಳುವ ಅಂಕಿಗಳು ಅದೇ ವರದಿಯ ಬೇರೆ ಸಾಲುಗಳಲ್ಲಿರುತ್ತವೆ.

ಮೊದಲು ರೋಗ ಯಾವುದೆಂದು ತಿಳಿಯಿರಿ

ಬಬೀಸಿಯಾ ಕೆಂಪು ರಕ್ತಕಣದೊಳಗೆ ಬೆಳೆಯುವ ಪರೋಪಜೀವಿ. ನಮ್ಮ ದೇಶದಲ್ಲಿ ಕಾಣುವುದು ಮುಖ್ಯವಾಗಿ ಗಾತ್ರದಲ್ಲಿ ಚಿಕ್ಕದಾದ ಗಿಬ್ಸೋನಿ ಮತ್ತು ದೊಡ್ಡದಾದ ವೊಗೆಲಿ. ಎರ್ಲಿಕಿಯಾ ಬ್ಯಾಕ್ಟೀರಿಯಾ, ಆದರೂ ಉಣುಗಿನಿಂದಲೇ ಬರುವುದರಿಂದ ಬಬೀಸಿಯಾ, ಎರ್ಲಿಕಿಯಾ ಎರಡನ್ನೂ ಉಣುಗು ಜ್ವರ ಎಂದೇ ಕರೆಯುವುದು ವಾಡಿಕೆ. ಒಂದೇ ನಾಯಿಯಲ್ಲಿ ಎರಡೂ ಇರಬಹುದು. ಔಷಧವೂ ಬೇರೆ, ನೋಡಬೇಕಾದ ಅಂಕಿಯೂ ಬೇರೆ.

ಅಂಗಡಿಯಲ್ಲಿ ಸಿಗುವ ಗೆರೆ ಮೂಡುವ ಕಿಟ್ ನೋಡಿ ‘ಗೆರೆ ಗಾಢವಾಗಿದೆ, ರೋಗ ಜೋರಾಗಿದೆ’ ಎನ್ನುವವರಿದ್ದಾರೆ. ಪ್ರತಿಕಾಯ (ರೋಗಾಣುವಿನ ವಿರುದ್ಧ ದೇಹ ಹುಟ್ಟಿಸುವ ವಸ್ತು) ಹುಡುಕುವ ಕಿಟ್ ಹೇಳುವುದು ನಾಯಿಗೆ ಸೋಂಕು ಎಂದೋ ತಗುಲಿತ್ತು ಎಂಬುದನ್ನು ಮಾತ್ರ. ಗೆರೆಯ ಬಣ್ಣಕ್ಕೂ ಆಯುಷ್ಯಕ್ಕೂ ಸಂಬಂಧವಿಲ್ಲ.

ಸ್ಯಾಂಪಲ್: ಹೆಚ್ಚಿನವರು ಎಡವುವುದು ಇಲ್ಲೇ

ಕೆಟ್ಟ ಸ್ಯಾಂಪಲ್‌ನಿಂದ ಒಳ್ಳೆಯ ವರದಿ ಬರುವುದಿಲ್ಲ. ಮೊದಲನೆಯದಾಗಿ, ರಕ್ತ ತೆಗೆಯುವ ಮುನ್ನ ಸ್ಟೀರಾಯ್ಡ್ ಕೊಡಿಸಬೇಡಿ. ಕೊಟ್ಟರೆ ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಗೆ ಏರುತ್ತದೆ, ಲಿಂಫೋಸೈಟ್ ಎಂಬ ಬಗೆ ಇಳಿಯುತ್ತದೆ, ಬಿಳಿ ರಕ್ತಕಣದ ಲೆಕ್ಕ ನಂಬುವ ಹಾಗಿರುವುದಿಲ್ಲ. ಮನೆಯಲ್ಲಿರುವ ಐಬುಪ್ರೊಫೆನ್ ಅಂತೂ ನಾಯಿಗೆ ಬೇಡವೇ ಬೇಡ. ಅದು ಕಿಡ್ನಿಗೂ ಹೊಟ್ಟೆಗೂ ಪೆಟ್ಟು ಕೊಡುತ್ತದೆ, ಆಮೇಲೆ ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಏರಿದ್ದು ರೋಗದ್ದೋ ಮಾತ್ರೆಯದ್ದೋ ತಿಳಿಯುವುದಿಲ್ಲ.

ಮಧ್ಯಮ ಗಾತ್ರದ ನಾಯಿಗೆ ಕುತ್ತಿಗೆಯ ದೊಡ್ಡ ರಕ್ತನಾಳದಿಂದ 22 ಗೇಜ್ ಸೂಜಿಯಲ್ಲಿ ಒಂದೇ ಸಲಕ್ಕೆ ತೆಗೆಯುವುದು ಉತ್ತಮ. ತೀರ ಸಪೂರ ಸೂಜಿಯಲ್ಲಿ ಎಳೆದೆಳೆದು ತೆಗೆದರೆ ರಕ್ತಕಣ ಒಡೆಯುತ್ತದೆ, ಪ್ಲೇಟ್‌ಲೆಟ್ ಗಂಟುಕಟ್ಟುತ್ತದೆ. ಗಂಟನ್ನು ಯಂತ್ರ ಎಣಿಸುವುದಿಲ್ಲ, ಹಾಗಾಗಿ 1.8 ಲಕ್ಷ ಇದ್ದದ್ದು 35,000 ಎಂದು ಅಚ್ಚಾಗಬಹುದು.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧವಿರುವ, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿಗೆ ಗುರುತಿನವರೆಗೆ ತುಂಬಿಸಿ 8ರಿಂದ 10 ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು, ಕುಲುಕಬಾರದು. ಅರ್ಧ ತುಂಬಿದರೆ ಔಷಧದ ಅಂಶ ಹೆಚ್ಚಾಗಿ ಕಣಗಳು ಕುಗ್ಗುತ್ತವೆ, ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) ಕಡಿಮೆ ಬರುತ್ತದೆ. ಪುಟ್ಟ ನಾಯಿಗೆ ಮಕ್ಕಳ ಸಣ್ಣ ಟ್ಯೂಬ್ ಕೇಳಿ ಪಡೆಯಿರಿ. ಇಡಿಟಿಎ ಟ್ಯೂಬಿನ ಒಳಗೋಡೆಗೆ ತಾಗಿದ ಸೂಜಿಯಿಂದಲೇ ಸಾದಾ ಟ್ಯೂಬಿಗೆ ಹಾಕಿದರೆ ಪೊಟ್ಯಾಸಿಯಂ ಸುಳ್ಳೇ ಏರುತ್ತದೆ, ಕ್ಯಾಲ್ಸಿಯಂ ಸುಳ್ಳೇ ಇಳಿಯುತ್ತದೆ.

ಗ್ಲೂಕೋಸ್ ಮತ್ತು ಲ್ಯಾಕ್ಟೇಟ್‌ಗೆ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬೇ ಆಗಬೇಕು. ಬೇರೆ ಟ್ಯೂಬಿನಲ್ಲಿ ರಕ್ತಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ, ಗಂಟೆಗೆ ಶೇ 5ರಿಂದ 7ರಷ್ಟು ಇಳಿಯುತ್ತದೆ, ಲ್ಯಾಕ್ಟೇಟ್ ಏರುತ್ತದೆ. ದೇವಿಮನೆ ಘಾಟಿ ಇಳಿದು ಕುಮಟಾ ಲ್ಯಾಬ್ ಮುಟ್ಟುವಷ್ಟರಲ್ಲಿ ಚೆನ್ನಾಗಿದ್ದ ನಾಯಿಯೂ ವರದಿಯಲ್ಲಿ ಸಾಯುವಂತೆ ಕಾಣುವುದು ಹೀಗೆ. ಟ್ಯೂಬನ್ನು ಬಟ್ಟೆಯಲ್ಲಿ ಸುತ್ತಿ ಐಸ್ ಪ್ಯಾಕ್ ಜತೆ ಥರ್ಮೊಕೋಲ್ ಪೆಟ್ಟಿಗೆಯಲ್ಲಿಡಿ. ನೇರ ಮಂಜುಗಡ್ಡೆಗೆ ತಾಗಿದರೆ ರಕ್ತವೇ ಮಂಜುಗಟ್ಟಿ ಕಣ ಒಡೆಯುತ್ತದೆ.

ಗಾಜಿನ ಸ್ಲೈಡಿನ ಮೇಲೆ ರಕ್ತವನ್ನು ತೆಳ್ಳಗೆ ಹರಡುವ ಸ್ಮಿಯರ್ ಮಾತ್ರ ಸ್ಥಳದಲ್ಲೇ ಎಳೆಯಬೇಕು. ಕಿವಿಯ ಅಂಚು ಚುಚ್ಚಿ ಬಂದ ರಕ್ತದ ಹನಿ ಒಳ್ಳೆಯದು, ದೊಡ್ಡ ಬಬೀಸಿಯಾ ಇರುವ ಕಣಗಳು ಸೂಕ್ಷ್ಮ ರಕ್ತನಾಳಗಳಲ್ಲಿ ಹೆಚ್ಚು ತಂಗುತ್ತವೆ. ಎಳೆಯುವ ಗಾಜನ್ನು 30ರಿಂದ 45 ಡಿಗ್ರಿ ಓರೆ ಹಿಡಿದು ಒಂದೇ ಎಳೆತಕ್ಕೆ ಎಳೆಯಿರಿ. ನಮ್ಮ ಕರಾವಳಿಯ ಮಳೆಗಾಲದ ಥಂಡಿಯಲ್ಲಿ ಸ್ಲೈಡ್ ಬೇಗ ಒಣಗುವುದಿಲ್ಲ. ನಿಧಾನ ಒಣಗಿದ ಕೆಂಪು ಕಣಗಳ ಮೇಲೆ ಹೊಳೆಯುವ ಚುಕ್ಕೆ ಮೂಡುತ್ತದೆ, ಅದನ್ನೇ ಬಬೀಸಿಯಾ ಎಂದು ಬರೆದುಬಿಡುತ್ತಾರೆ. ಎಳೆದ ತಕ್ಷಣ ಫ್ಯಾನಿನ ಕೆಳಗೆ ಬೀಸಿ ಒಣಗಿಸಿ, ಮೆಥನಾಲಿನಲ್ಲಿ ಅದ್ದಿ, ಆಮೇಲೆ ಗೀಮ್ಸಾ ಬಣ್ಣ ಹಾಕಬೇಕು. ಹಸಿ ಸ್ಲೈಡನ್ನು ಫ್ರಿಜ್ಜಿನಲ್ಲಿಟ್ಟರೆ ಕೆಲಸ ಕೆಟ್ಟಿತು.

ಇದೇ ಸ್ಲೈಡಿನಲ್ಲಿ ಪ್ಲೇಟ್‌ಲೆಟ್ ಲೆಕ್ಕವನ್ನೂ ತಾಳೆ ನೋಡಬಹುದು. ಎಣ್ಣೆ ಹಾಕಿ ನೋಡುವ ದೊಡ್ಡ ಮಸೂರದಲ್ಲಿ 10 ನೋಟಗಳನ್ನು ಎಣಿಸಿ, ಸರಾಸರಿಯನ್ನು 15,000ದಿಂದ ಗುಣಿಸಿ. ಸ್ಲೈಡಿನ ಬಾಲದಲ್ಲಿ ಗಂಟುಗಳಿದ್ದರೆ ಯಂತ್ರದ ಅಂಕಿಯನ್ನು ಬದಿಗಿಡಿ.

ವರದಿಯ ಬಲಬದಿಯ ಕಾಲಂ ಮುಚ್ಚಿ ಓದಿ

ಸಣ್ಣ ಊರುಗಳಲ್ಲಿ ನಾಯಿಯ ರಕ್ತ ಹೋಗುವುದು ಮನುಷ್ಯರ ಲ್ಯಾಬಿಗೆ. ವರದಿಯಲ್ಲಿ ‘ನಾರ್ಮಲ್’ ಎಂದು ಅಚ್ಚಾಗುವುದು ಮನುಷ್ಯರ ಅಳತೆ. ಅಲ್ಲಿ ಬಿಳಿ ರಕ್ತಕಣ 4,000ದಿಂದ 11,000. ನಾಯಿಗೆ 6,000ದಿಂದ 17,000. ಹಾಗಾಗಿ 14,000 ಬಂದರೆ ‘ಹೈ’ ಎಂದು ಹೆದರಿಸುತ್ತದೆ, ನಿಜಕ್ಕೂ ಅಪಾಯದ 4,500ಕ್ಕೆ ಯಾವ ಗುರುತೂ ಇರುವುದಿಲ್ಲ. ನಾಯಿಯ ಕೆಂಪು ಕಣ ಮನುಷ್ಯರದ್ದಕ್ಕಿಂತ ಚಿಕ್ಕದು, ಆದ್ದರಿಂದ ಮನುಷ್ಯರಿಗೆಂದೇ ಹೊಂದಿಸಿದ ಯಂತ್ರದ ಎಣಿಕೆಯೂ ತಪ್ಪಬಹುದು. ನಾಯಿಗೆ ಪಿಸಿವಿ ಶೇ 37ರಿಂದ 55, ಹಿಮೋಗ್ಲೋಬಿನ್ 12ರಿಂದ 18 ಗ್ರಾಂ, ಕ್ರಿಯಾಟಿನಿನ್ 0.5ರಿಂದ 1.5 ಮಿ.ಗ್ರಾಂ. ಎಂದು ಒಂದು ಚೀಟಿಯಲ್ಲಿ ಬರೆದು ಇಟ್ಟುಕೊಳ್ಳಿ.

ಉಳಿವು ಹೇಳುವ ಅಂಕಿಗಳು

ಒಂದೇ ಪರೀಕ್ಷೆಗೆ ದುಡ್ಡಿದ್ದರೆ ಲ್ಯಾಕ್ಟೇಟ್ ಮಾಡಿಸಿ. ಅಂಗಾಂಶಗಳಿಗೆ ಆಮ್ಲಜನಕ ಸಾಲದಾದಾಗ ಏರುವ ವಸ್ತು ಅದು. 2.5 ಮಿಲಿಮೋಲ್ ಒಳಗಿದ್ದರೆ ಸಮಾಧಾನ. ಆಫ್ರಿಕಾದ ಬಬೀಸಿಯಾ ರೋಸಿ ಸೋಂಕಿನಲ್ಲಿ, ಆಸ್ಪತ್ರೆಗೆ ಬಂದಾಗಲೇ ಲ್ಯಾಕ್ಟೇಟ್ 5 ದಾಟಿದ, ಗ್ಲೂಕೋಸ್ 60 ಮಿ.ಗ್ರಾಂ.ಗಿಂತ ಇಳಿದ ನಾಯಿಗಳಲ್ಲಿ ಸಾವು ಹೆಚ್ಚು ಎಂದು ಕಂಡುಬಂದಿದೆ. ರೋಸಿ ನಮ್ಮಲ್ಲಿ ಕಾಣುವ ಬಬೀಸಿಯಾಗಳಿಗಿಂತ ಉಗ್ರ, ಹಾಗಾಗಿ ಆ ಗಡಿಯನ್ನು ಎಚ್ಚರಿಕೆಯ ಗೆರೆ ಎಂದು ತೆಗೆದುಕೊಳ್ಳಿ, ತೀರ್ಪು ಎಂದಲ್ಲ. ಹಿಡಿದಾಗ ನಾಯಿ ಒದ್ದಾಡಿದರೂ ಲ್ಯಾಕ್ಟೇಟ್ ಏರುತ್ತದೆ ಎಂಬುದನ್ನು ಮರೆಯಬೇಡಿ.

ಗ್ಲೂಕೋಸನ್ನು ಮನೆಯ ಗ್ಲೂಕೋಮೀಟರಿನಲ್ಲಿ ನೋಡುವವರು ಗಮನಿಸಿ: ರಕ್ತಹೀನ ನಾಯಿಯಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಪಿಸಿವಿ 15 ಇರುವ ನಾಯಿಯಲ್ಲಿ 75 ಎಂದು ಕಂಡರೆ ನಿರಾಳ ಬೇಡ, ಲ್ಯಾಬಿನಲ್ಲಿ ಖಚಿತ ಮಾಡಿಕೊಳ್ಳಿ.

ಕ್ರಿಯಾಟಿನಿನ್ ಏರಿ ಮೂತ್ರ ಕಡಿಮೆಯಾದರೆ ಅದು ಕೆಟ್ಟ ಸೂಚನೆ. ಯೂರಿಯಾ ಮಾತ್ರ ಏರಿದ್ದರೆ ಹೊಟ್ಟೆಯೊಳಗಿನ ರಕ್ತಸ್ರಾವವೂ ಕಾರಣವಿರಬಹುದು. ಸೀರಂ (ರಕ್ತದ ತಿಳಿ ದ್ರವ) ಕಡು ಹಳದಿ ಇದ್ದಾಗ ಆ ಹಳದಿ ಬಣ್ಣ ಕೊಡುವ ಬಿಲಿರುಬಿನ್ ಅಡ್ಡಬಂದು ಕ್ರಿಯಾಟಿನಿನ್ ಕಡಿಮೆ ತೋರುವುದುಂಟು, ಆದ್ದರಿಂದ ಮೂತ್ರ ಪರೀಕ್ಷೆಯನ್ನೂ ಸೇರಿಸಿ ಓದಬೇಕು.

ಪಿಸಿವಿಯನ್ನು ಒಟ್ಟು ಪ್ರೋಟೀನ್ ಜತೆಗೇ ಓದಿ. ಮೈಯ ನೀರಿನಂಶ ಬತ್ತಿದ ನಾಯಿಯಲ್ಲಿ 28 ಇದ್ದದ್ದು ಡ್ರಿಪ್ ಏರಿಸಿದ ಮೇಲೆ 20 ಆಗಬಹುದು, ರೋಗ ಉಲ್ಬಣಿಸಿದ್ದಲ್ಲ, ನಿಜ ಹೊರಬಿದ್ದದ್ದು. 15ರ ಆಸುಪಾಸಿಗೆ ಇಳಿದು ನಾಯಿ ಏದುಸಿರು ಬಿಡುತ್ತಿದ್ದರೆ ರಕ್ತ ಕೊಡಿಸುವ ಮಾತು ಆಗಲೇ ಆಗಬೇಕು.

ಎರ್ಲಿಕಿಯಾದಲ್ಲಿ ಹೆದರಬೇಕಾದದ್ದು ಬಿಳಿ ಕಣ, ಕೆಂಪು ಕಣ, ಪ್ಲೇಟ್‌ಲೆಟ್ ಮೂರೂ ಒಟ್ಟಿಗೆ ಬಿದ್ದಾಗ. ರಕ್ತಕಣ ಹುಟ್ಟಿಸುವ ಮೂಳೆಮಜ್ಜೆ ಸೋತಿದೆ ಎಂದರ್ಥ. ಬಿಳಿ ಕಣ 1,000ದ ಹತ್ತಿರ ಬಂದರೆ ಉಳಿಯುವ ಆಸೆ ಕ್ಷೀಣ. ಪಪ್ಪಾಯಿ ಎಲೆಯ ರಸ ಹಿಂಡಿ ಕುಡಿಸುತ್ತ ಎರಡು ದಿನ ಕಳೆಯುವುದು ಇಂಥ ನಾಯಿಗೆ ಮುಳುವಾಗುತ್ತದೆ. ಆ ರಸ ರೋಗಾಣುವನ್ನು ಕೊಲ್ಲುವುದಿಲ್ಲ.

ಮೈಯೊಳಗಿನ ಉರಿಯೂತ ಸೂಚಿಸುವ ಸಿಆರ್‌ಪಿ ಹೆಚ್ಚೂಕಡಿಮೆ ಎಲ್ಲ ನಾಯಿಗಳಲ್ಲೂ ಏರುವುದರಿಂದ ಮೊದಲ ದಿನದ ಅಂಕಿಯಿಂದ ಸಾವು ಬದುಕು ಹೇಳಲಾಗದು. ಚಿಕಿತ್ಸೆಗೆ ಜಗ್ಗುತ್ತಿದೆಯೇ ಎಂದು ನೋಡಲು ಒಳ್ಳೆಯದು, ಆದರೆ ನಾಯಿಗೆಂದೇ ಒರೆಹಚ್ಚಿದ ಕಿಟ್ ಬೇಕು.

ಎರಡನೇ ಸ್ಯಾಂಪಲ್ ತಪ್ಪಿಸಬೇಡಿ

ಮೊದಲ ಅಂಕಿಗಿಂತ ಅದು ಯಾವ ಕಡೆ ಸಾಗುತ್ತಿದೆ ಎಂಬುದೇ ಹೆಚ್ಚು ಹೇಳುತ್ತದೆ. ಲ್ಯಾಕ್ಟೇಟ್ 6ರಿಂದ ಮರುದಿನ 2ಕ್ಕೆ ಇಳಿದ ನಾಯಿಗೆ 4ರಲ್ಲೇ ನಿಂತ ನಾಯಿಗಿಂತ ಭರವಸೆ ಹೆಚ್ಚು. ತೀವ್ರ ಸ್ಥಿತಿಯಲ್ಲಿ ಲ್ಯಾಕ್ಟೇಟ್, ಗ್ಲೂಕೋಸ್ 8 ಗಂಟೆಗೊಮ್ಮೆ, ಪಿಸಿವಿ ದಿನಕ್ಕೊಮ್ಮೆ, ಕ್ರಿಯಾಟಿನಿನ್ 24ರಿಂದ 48 ಗಂಟೆಗೆ. ಎರಡೂ ಸಲ ಅದೇ ಲ್ಯಾಬು, ಅದೇ ಯಂತ್ರ. ಒಮ್ಮೆ ಕಾರವಾರ, ಒಮ್ಮೆ ಹುಬ್ಬಳ್ಳಿ ಎಂದು ಬದಲಿಸಿದರೆ ಏರಿಳಿತ ನಾಯಿಯದ್ದೋ ಯಂತ್ರದ್ದೋ ಗೊತ್ತಾಗುವುದಿಲ್ಲ. ಪ್ರತಿ ಟ್ಯೂಬಿನ ಮೇಲೆ ದಿನಾಂಕದ ಜತೆ ಗಂಟೆಯನ್ನೂ, ಡ್ರಿಪ್ ಮುಂಚೆಯೋ ನಂತರವೋ ಎಂಬುದನ್ನೂ ಬರೆಯಿಸಿ.

ಮೂರರಿಂದ ಐದು ದಿನದಲ್ಲಿ ರೆಟಿಕ್ಯುಲೋಸೈಟ್ (ಎಳೆಯ ಕೆಂಪು ಕಣ) ಏರತೊಡಗಿದರೆ ಮಜ್ಜೆ ಹೊಸ ರಕ್ತ ಮಾಡುತ್ತಿದೆ. ನಾಯಿ ಅನ್ನ ತಿಂದು ಓಡಾಡಿದರೂ ಗಿಬ್ಸೋನಿ ಒಳಗೇ ಅಡಗಿರಬಹುದು, ಚಿಕಿತ್ಸೆ ಮುಗಿದು 60 ಮತ್ತು 90 ದಿನಕ್ಕೆ ಪಿಸಿಆರ್ ಮಾಡಿಸಿ ಎರಡೂ ನೆಗೆಟಿವ್ ಬಂದರೆ ಮಾತ್ರ ಹೋಯಿತು ಎನ್ನಬಹುದು. ಗಿಬ್ಸೋನಿ ತಗುಲಿದ್ದ ನಾಯಿಯನ್ನು ಇನ್ನೊಂದು ನಾಯಿಗೆ ರಕ್ತ ಕೊಡಲು ಬಳಸಬೇಡಿ, ಕಚ್ಚಾಟಕ್ಕೂ ಬಿಡಬೇಡಿ. ಗಿಬ್ಸೋನಿ ಕಚ್ಚಿದ ಗಾಯದಿಂದಲೂ ದಾಟುತ್ತದೆ.