63ರ ಬೀಟಲ್‌ಗೆ ಡೋರ್ ಕೀ ಮಾಡಿಸಿದ ನನ್ನ ಅನುಭವ

ಹಳೇ ಕಾರು ತಗೊಳ್ಳೋರು ಇಂಜಿನ್ ನೋಡ್ತಾರೆ, ತುಕ್ಕು ನೋಡ್ತಾರೆ, ಆರ್‌ಸಿ ತಿರುಗಿಸಿ ಮುರುಗಿಸಿ ನೋಡ್ತಾರೆ, ಡೋರ್ ಕೀ ಇದ್ಯಾ ಅಂತ ಕೇಳೋರು ಕಮ್ಮಿ. ನಂಗೆ ಸಿಕ್ಕ 1963ರ ಫೋಕ್ಸ್‌ವ್ಯಾಗನ್ ಬೀಟಲ್‌ಗೆ ಇಗ್ನಿಷನ್ ಕೀ ಒಂದೇ ಇತ್ತು. ಆ ಕಾಲದ ಬೀಟಲ್‌ಗೆ ಇಗ್ನಿಷನ್‌ಗೆ ಒಂದು, ಡೋರಿಗೆ ಇನ್ನೊಂದು ಅಂತ ಬೇರೆ ಬೇರೆ ಕೀ. ಡೋರಿಂದು ಯಾವ ಕಾಲದಲ್ಲೋ ಕಳ್ದುಹೋಗಿದೆ, ಹಿಂದಿನ ಓನರ್ರು ಶೆಡ್ಡಿಗೇ ಬೀಗ ಜಡಿತಿದ್ರಂತೆ, ಕಾರಿಗ್ಯಾಕೆ ಬೇರೆ ಅಂತ.

ನನಗೆ ಶೆಡ್ ಇಲ್ಲ, ಗಾಡಿ ನಿಲ್ಲೋದು ರೋಡಲ್ಲಿ. ಅದೂ ಅಲ್ದೆ ಬೀಟಲ್‌ದು ಒಂದು ವಿಚಾರ ಇದೆ, ಸುಮಾರು 67ರ ಮಾಡೆಲ್ ತನಕ ಪೆಟ್ರೋಲ್ ಟ್ಯಾಂಕಿನ ಬಾಯಿ ಇರೋದು ಮುಂದಿನ ಬಾನೆಟ್ ಒಳಗೆ (ಇಂಜಿನ್ ಹಿಂದೆ ಅಲ್ವಾ), ಆ ಬಾನೆಟ್ ತೆಗಿಯೋ ಕೇಬಲ್ ಇರೋದು ಕಾರಿನ ಒಳಗೆ. ಅಂದ್ರೆ ಡೋರ್ ಬೀಗ ಕೈ ಕೊಟ್ರೆ ಬಂಕಲ್ಲಿ ನಿಂತು ಪೆಟ್ರೋಲೂ ಹಾಕ್ಸಕ್ಕಾಗಲ್ಲ. ಡೋರ್ ಲಾಕ್ ಮಾಡದೇ ನಿಲ್ಲಿಸಿ ಹೋದ್ರೆ ಸ್ಟೆಪ್ನಿ, ಪೆಟ್ರೋಲು ಎರಡೂ ಊರ ಪಾಲು.

ಎಲ್ರೂ ಹೇಳಿದ್ದು ಒಂದೇ, ಹೊಸ ಹ್ಯಾಂಡಲ್ ಸೆಟ್ ತರಿಸ್ಬಿಡು, ಕೀ ಸಮೇತ ಬರುತ್ತೆ ಅಂತ. ಬರುತ್ತೆ ನಿಜ, ಈ ಕಾರು ಮೆಕ್ಸಿಕೋದ ಪ್ಯೂಬ್ಲಾದಲ್ಲಿ 2003ರ ತನಕ ತಯಾರಾಗ್ತಿತ್ತು, ಒಟ್ಟು 2 ಕೋಟಿ 15 ಲಕ್ಷಕ್ಕೂ ಜಾಸ್ತಿ ಮಾಡಿದಾರೆ, ಹಾಗಾಗಿ ಸ್ಪೇರ್ಸಿಗೆ ಬರ ಇಲ್ಲ. ಆದ್ರೆ ನಾನು ಕೈಯಲ್ಲಿ ಹಿಡಿದು ನೋಡಿದ ರೀಪ್ರೊಡಕ್ಷನ್ (ಅಂದ್ರೆ ನಕಲು) ಹ್ಯಾಂಡಲ್ ತೂಕದಲ್ಲೇ ಗೊತ್ತಾಗೋದು, ಬಟನ್ ಒತ್ತಿದ್ರೆ ಲಟಲಟ ಅನ್ನುತ್ತೆ. 60 ವರ್ಷ ಬಾಳಿದ ಒರಿಜಿನಲ್ ಹ್ಯಾಂಡಲ್ ಬಿಚ್ಚಿ ಗುಜರಿಗೆ ಹಾಕಕ್ಕೆ ಮನಸ್ಸು ಬರ್ಲಿಲ್ಲ.

ಹಂಗಾಗಿ ಮೊದಲು ಹುಡುಕಿದ್ದು ಕೀ ನಂಬರ್. ಆಗಿನ ಬೀಟಲ್‌ಗಳಲ್ಲಿ ಆ ನಂಬರು (ಅಕ್ಷರ, ಅಂಕಿ ಎರಡೂ ಸೇರಿರುತ್ತೆ) ಹ್ಯಾಂಡಲ್ ಮೇಲೇ ಇರುತ್ತೆ, ಆದ್ರೆ ಹೊರಗಡೆ ಕಾಣಲ್ಲ, ಡೋರಿನ ಒಳಗೆ ಹೋಗೋ ಭಾಗದಲ್ಲಿ ಪಂಚ್ ಮಾಡಿರ್ತಾರೆ. ಡೋರ್ ತೆಗೆದು ಅಂಚಿನ ರಬ್ಬರ್ ಪಕ್ಕಕ್ಕೆ ಸರಿಸಿದ್ರೆ ಒಂದು ಸ್ಕ್ರೂ ಸಿಗುತ್ತೆ, ಅದನ್ನ ಸಡಿಲ ಮಾಡಿದ್ರೆ ಹ್ಯಾಂಡಲ್ ಆಚೆ ಬರುತ್ತೆ. ಜೋರು ಮಾಡ್ಬೇಡಿ, ಕೆಳಗಿರೋ ರಬ್ಬರ್ ಪ್ಯಾಡ್ ಅಂಟ್ಕೊಂಡಿರುತ್ತೆ, ಎಳೆದ್ರೆ ಪೇಂಟೂ ಜೊತೆಗೆ ಎದ್ದು ಬರುತ್ತೆ. ನನ್ನದ್ರಲ್ಲಿ ಅಕ್ಷರ ಚೆನ್ನಾಗಿ ಕಾಣ್ತಿತ್ತು, ಕೊನೇ ಅಂಕಿ ಮಾತ್ರ ಇಲ್ಲ, ಯಾರೋ ಹಿಂದೆ ರೀಕ್ರೋಮ್ ಮಾಡಿಸುವಾಗ ಪಾಲಿಶ್ ಹಾಕಿ ಉಜ್ಜಿ ತಿಂದುಬಿಟ್ಟಿದಾರೆ. ಕ್ರೋಮಿಗೆ ಕೊಡೋ ಮುಂಚೆ ಈ ನಂಬರ್ ಫೋಟೋ ತೆಗೆದಿಟ್ಕೊಳ್ಳಿ, ಪಾಲಿಶ್ ಮಾಡೋ ಹುಡುಗನಿಗೆ ಅದೇನು ಅಂತ ಗೊತ್ತಿರಲ್ಲ.

ಅಕ್ಷರದಿಂದ ಕೀಯ ಪ್ರೊಫೈಲ್ ಗೊತ್ತಾಗುತ್ತೆ, ಅಂದ್ರೆ ಕೀ ಉದ್ದಕ್ಕೂ ಕೊರೆದಿರೋ ಕಾಲುವೆ ಯಾವ ಥರದ್ದು ಅಂತ. ಅಂಕಿಯಿಂದ ಹಲ್ಲು. ಅಂಕಿ ಪೂರ್ತಿ ಇದ್ದಿದ್ರೆ ಅದನ್ನ ನೋಡ್ಕೊಂಡೇ ಕೀ ಕತ್ತರಿಸಿಕೊಡೋರು ಇದಾರೆ. ನಂಗೆ ಅಕ್ಷರ ಸಾಕಾಗಿತ್ತು, ಸ್ಟಟ್‌ಗಾರ್ಟಲ್ಲಿರೋ ಕಸಿನ್‌ಗೆ ಹೇಳಿ ಆ ಪ್ರೊಫೈಲಿನ ಬ್ಲ್ಯಾಂಕ್ (ಹಲ್ಲು ಕತ್ತರಿಸದ ಕೀ) ತರಿಸ್ಕೊಂಡೆ, ಇಲ್ಲಿ ಬೆಂಗಳೂರಿನ ಜೆ.ಸಿ. ರೋಡಲ್ಲಿ ಸಿಕ್ಕಿರ್ಲಿಲ್ಲ.

ಆಮೇಲೆ ಶಿವಾಜಿನಗರ. ಈಗ ಎಲ್ಲಾ ಕಡೆ ರಿಮೋಟ್ ಕೀ ಪ್ರೋಗ್ರಾಮ್ ಮಾಡೋ ಅಂಗಡಿಗಳೇ, ಅವ್ರು ಇದನ್ನ ನೋಡಿ ನಕ್ಕರು. ಕೊನೆಗೆ ಫುಟ್‌ಪಾತಲ್ಲಿ ಛತ್ರಿ ಹಾಕ್ಕೊಂಡು ಕೂತಿದ್ದ ವಯಸ್ಸಾದ ಸಾಬ್ರು ಹ್ಯಾಂಡಲ್ ಕೈಗೆ ತಗೊಂಡ್ರು. ಬ್ಯಾರೆಲ್ (ಹ್ಯಾಂಡಲ್ ಒಳಗಿನ ಬೀಗದ ಭಾಗ) ಮೊದಲು ಸೀಮೆಎಣ್ಣೇಲಿ ನೆನೆಸಿದ್ರು, ಕಪ್ಪಗೆ ಮಡ್ಡಿ ಬಂತು. ದಶಕಗಟ್ಟಲೆ ಬಿಟ್ಟ ಎಣ್ಣೆ, ಧೂಳು ಎಲ್ಲಾ ಸೇರಿ ಆಗಿರೋದು. ತೆಳ್ಳನೆ ತಂತಿ ಆಡಿಸಿ ಬ್ಯಾರೆಲ್ ತಿರುಗಿಸಿ ಒಳಗಿನ ಪ್ಲಗ್ (ಕೀ ತೂರೋ ಭಾಗ) ಎಳೆದ್ರು, ಎಳೆಯುವಾಗ ಬಟ್ಟೆ ಮುಚ್ಚಿಟ್ಟು, ಯಾಕಂದ್ರೆ ಅದರೊಳಗಿನ ಪುಟ್ಟ ಪ್ಲೇಟುಗಳ ಸ್ಪ್ರಿಂಗು ಸಾಸಿವೆ ಥರ ಹಾರಿದ್ರೆ ಫುಟ್‌ಪಾತಲ್ಲಿ ಸಿಕ್ಕ ಹಾಗೇ.

ಬ್ಲ್ಯಾಂಕ್ ಒಳಗೆ ಹಾಕಿದ್ರೆ ಹಿತ್ತಾಳೆ ಪ್ಲೇಟುಗಳು ಪ್ಲಗ್ಗಿಂದ ಆಚೆ ಎದ್ದು ನಿಲ್ತವೆ, ಒಂದೊಂದು ಒಂದೊಂದು ಎತ್ತರ. ಎದ್ದಿರೋ ಪ್ಲೇಟ್ ಕೂರೋ ಜಾಗಕ್ಕೆ ಬ್ಲ್ಯಾಂಕ್ ಮೇಲೆ ಗೀರು ಹಾಕ್ಕೊಂಡು, ಹೊರಗೆ ತೆಗೆದು, ಸಣ್ಣ ಅರದಿಂದ ಎರಡೇ ಎಳೆತ, ಮತ್ತೆ ಹಾಕಿ ಹೆಬ್ಬೆಟ್ಟಿನ ಉಗುರು ಸವರಿ ನೋಡೋದು. ಉಗುರಿಗೆ ಏನೂ ತಗಲ್ಲಿಲ್ಲ ಅಂದ್ರೆ ಆ ಪ್ಲೇಟ್ ಮಟ್ಟ ಆಯ್ತು, ಎಲ್ಲಾ ಮಟ್ಟ ಆದ್ರೆ ಪ್ಲಗ್ ತಿರುಗುತ್ತೆ. ಒಂದೆಳೆತ ಜಾಸ್ತಿ ಆದ್ರೆ ಪ್ಲೇಟ್ ಆ ಕಡೆ ಇಳಿದುಬಿಡುತ್ತೆ, ಬ್ಲ್ಯಾಂಕ್ ವೇಸ್ಟು. ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು ಕೂತು ನೋಡಿದೆ, ಮೆಷಿನ್ ಮುಟ್ಟಲೇ ಇಲ್ಲ ಅವ್ರು.

ಇಲ್ಲಿ ಒಂದು ಶಾರ್ಟ್‌ಕಟ್ ಇದೆ, ತುಂಬಾ ಜನ ಮಾಡ್ತಾರೆ: ಕೀ ಬಿಟ್ಟು ಪ್ಲೇಟುಗಳನ್ನೇ ಅರ ಹಾಕಿ ಮಟ್ಟ ಮಾಡೋದು. ಐದು ನಿಮಿಷದ ಕೆಲಸ, ಬೀಗ ತಿರುಗುತ್ತೆ, ಆದ್ರೆ ಆಮೇಲೆ ಮೊಂಡು ಸ್ಕ್ರೂಡ್ರೈವರ್ ಹಾಕಿದ್ರೂ ತಿರುಗಬಹುದು. ಫ್ರೆಂಡ್ ಒಬ್ಬನ ಪದ್ಮಿನಿ ಕಾರಿಗೆ ಹಂಗೇ ಮಾಡಿಕೊಟ್ಟಿದ್ರು, ಅವನ ಸ್ಕೂಟರ್ ಕೀಗೂ ಡೋರ್ ತೆಗೀತಿತ್ತು. ಪ್ಲೇಟ್ ಮುಟ್ಟಬಾರ್ದು ಅಂತ ಕೆಲಸ ಕೊಡೋ ಮುಂಚೇನೇ ಹೇಳ್ಬಿಡಿ.

ವಾಪಸ್ ಜೋಡಿಸುವಾಗ ಎಣ್ಣೆ ಹಾಕ್ಲಿಲ್ಲ. ಕೊಬ್ಬರಿ ಎಣ್ಣೆ, ಇಂಜಿನ್ ಆಯಿಲ್ಲು, ಸ್ಪ್ರೇ, ಮನೇಲಿ ಇದ್ದಿದ್ದೆಲ್ಲಾ ಬಿಡ್ತಾರೆ ಜನ, ಮೊದಲು ಸಲೀಸಾಗಿ ತಿರುಗುತ್ತೆ ಆಮೇಲೆ ಧೂಳು ಹಿಡ್ಕೊಂಡು ಮತ್ತೆ ಅದೇ ಮಡ್ಡಿ. ಗ್ರಾಫೈಟ್ ಪುಡಿ ಸಾಕು, ಅದೂ ಸ್ವಲ್ಪ.

ಸ್ಪೇರ್ ಕೀ ಅವತ್ತೇ ಮಾಡಿಸಿದೆ, ಮೊದಲನೇ ಕೀ ಸವೆಯೋ ಮುಂಚೆ. ಸವೆದ ಕೀಯಿಂದ ಕಾಪಿ, ಆ ಕಾಪಿಯಿಂದ ಇನ್ನೊಂದು ಕಾಪಿ ತೆಗೆದ್ರೆ ತಪ್ಪು ಕೂಡ್ಕೊಂಡು ಹೋಗುತ್ತೆ. ಮೊದಲನೇದು ಮನೇಲಿ ಡಬ್ಬಿಯಲ್ಲಿದೆ, ಮುಂದೆ ಕಾಪಿ ಬೇಕಂದ್ರೆ ಅದರಿಂದಾನೇ. ಪ್ಯಾಸೆಂಜರ್ ಸೈಡಿಗೆ ಹೊರಗಿಂದ ಕೀನೇ ಇಲ್ಲ, ಒಳಗಿನ ಹ್ಯಾಂಡಲ್ ಮುಂದಕ್ಕೆ ತಳ್ಳಿದ್ರೆ ಲಾಕು, ಅದಕ್ಕೇನೂ ಕೆಲಸ ಬರ್ಲಿಲ್ಲ. ತ್ರಿಕೋನ ಕಿಟಕಿಯ ಕೊಂಡಿ ಮಾತ್ರ ಇನ್ನೂ ಸಡಿಲ ಇದೆ, ಹೊರಗಿಂದ ತಟ್ಟಿದ್ರೆ ಅಲ್ಲಾಡುತ್ತೆ, ಮುಂದಿನ ಸಲ ಅದರ ಸರದಿ.