5 ಟನ್ ಕ್ರೇನನ್ನು 10 ಟನ್‌ಗೆ ಏರಿಸುವ ಮುನ್ನ

ಪೀಣ್ಯದ ಒಂದು ಶೆಡ್ ಅಂದುಕೊಳ್ಳಿ. ಒಳಗೆ 5 ಟನ್ನಿನ ಓವರ್‌ಹೆಡ್ ಕ್ರೇನ್. ದೊಡ್ಡ ಆರ್ಡರ್ ಬಂದಿದೆ, 8 ಟನ್ನಿನ ಜಾಬ್ ಎತ್ತಬೇಕು. ಮಾಲೀಕರು ಮೊದಲು ಕೇಳುವುದು ಇದನ್ನೇ: ‘ಸಾರ್, ಹಾಯ್ಸ್ಟ್ ಬದಲಾಯಿಸಿದ್ರೆ ಸಾಕಲ್ವಾ?’

ಸಾಲದು. ಹಾಯ್ಸ್ಟ್ ಎಂದರೆ ಭಾರ ಎತ್ತುವ ಯಂತ್ರ ಮಾತ್ರ. ಹುಕ್ಕಿಗೆ ಬಿದ್ದ ಭಾರ ಅಲ್ಲೇ ನಿಲ್ಲುವುದಿಲ್ಲ. ರೋಪ್, ಹಾಯ್ಸ್ಟ್ ಹೊತ್ತು ಓಡಾಡುವ ಟ್ರಾಲಿ, ಶೆಡ್ಡಿನ ಅಗಲಕ್ಕೆ ಅಡ್ಡಲಾಗಿರುವ ಬ್ರಿಡ್ಜ್, ಚಕ್ರ, ಹಳಿ, ಹಳಿ ಹೊತ್ತ ಗ್ಯಾಂಟ್ರಿ ಗರ್ಡರ್, ಗರ್ಡರನ್ನು ಕಂಬಕ್ಕೆ ಹಿಡಿಸುವ ಬ್ರಾಕೆಟ್, ಕಂಬ, ಪಾಯ ದಾಟಿ ನೆಲಕ್ಕೆ ಇಳಿಯುತ್ತದೆ. ದಾರಿಯಲ್ಲಿ ಒಂದು ಕಡೆ ಕೈಕೊಟ್ಟರೂ ಕೆಳಗಿರುವವರ ಜೀವಕ್ಕೆ ಅಪಾಯ.

ಹಾಗಾಗಿ ಮೊದಲು ಸರಿಯಾದ ಎಂಜಿನಿಯರನ್ನು ಹಿಡಿಯಿರಿ. ಕ್ರೇನ್ ಮಾರುವವರು ಕ್ರೇನ್ ನೋಡುತ್ತಾರೆ, ಕಟ್ಟಡದವರು ಕಟ್ಟಡ ನೋಡುತ್ತಾರೆ. ನಡುವಿನ ಬ್ರಾಕೆಟ್ ಯಾರ ಲೆಕ್ಕಕ್ಕೂ ಬರುವುದಿಲ್ಲ. ಮೆಕ್ಯಾನಿಕಲ್, ಸ್ಟ್ರಕ್ಚರಲ್ ಎರಡೂ ಬಲ್ಲ ಕನ್ಸಲ್ಟೆಂಟ್ ಬೇಕು. ವರ್ಕ್ ಆರ್ಡರಿನಲ್ಲೇ ‘ಹುಕ್ಕಿನಿಂದ ಪಾಯದವರೆಗೆ’ ಎಂದು ಬರೆಸಿ.

ಅವರು ಬರುವ ಮೊದಲು ಹಳೆಯ ಡ್ರಾಯಿಂಗ್ ಹುಡುಕಿಡಿ. ಸಿಗದಿದ್ದರೆ ಪ್ಲೇಟಿನ ದಪ್ಪವನ್ನು ಗೇಜ್ ಹಿಡಿದು ಅಳೆಯಬೇಕು, ಒಂದು ಕಂಬದ ಬುಡ ಅಗೆದು ಪಾಯ ನೋಡಬೇಕು. ಖರ್ಚು ಜಾಸ್ತಿ, ಆದರೆ ಬೇರೆ ದಾರಿಯಿಲ್ಲ. ದಿನಕ್ಕೆ ಎಷ್ಟು ಸಲ, ಎಷ್ಟು ಭಾರ ಎತ್ತುತ್ತೀರಿ ಎಂದೂ ಬರೆದಿಡಿ. ಕ್ರೇನ್ ವಿನ್ಯಾಸದ ನಮ್ಮ ಭಾರತೀಯ ಮಾನದಂಡ ಐಎಸ್ 807 ಪ್ರಕಾರ, ಬಳಕೆ ಎಷ್ಟು ಜೋರು ಎಂಬುದರ ಮೇಲೆ ಕ್ರೇನ್‌ಗಳಿಗೆ ಎಂ1ರಿಂದ ಎಂ8ರವರೆಗೆ ದರ್ಜೆ ಇದೆ. ದಿನಕ್ಕೆರಡು ಸಲ ಎತ್ತುವ ಕ್ರೇನೂ ಐದು ನಿಮಿಷಕ್ಕೊಮ್ಮೆ ಎತ್ತುವ ಕ್ರೇನೂ ಒಂದೇ ಅಲ್ಲ.

ಪರಿಶೀಲನೆಯ ದಿನ ನೀವೂ ಮೇಲೆ ಹತ್ತಿ ನೋಡಿ. ಪವರ್ ಆಫ್ ಮಾಡಿಸಿ, ಬೆಲ್ಟ್ ಹಾಕಿಕೊಂಡೇ ಹತ್ತಿ. ಚಕ್ರದ ಒಂದೇ ಅಂಚು ಕನ್ನಡಿ ಥರ ಹೊಳೆಯುತ್ತಿದ್ದರೆ ಅದು ಹಳಿಗೆ ಉಜ್ಜುತ್ತಿದೆ ಎಂದರ್ಥ. ಹಳಿಯ ಸಾಲು ತಪ್ಪಿರಬಹುದು. ಬ್ರಾಕೆಟ್ಟು ಕಂಬಕ್ಕೆ ಕೂಡುವ ವೆಲ್ಡಿಂಗ್ ಬಳಿ ಜಾಸ್ತಿ ಹೊತ್ತು ನಿಲ್ಲಿ. ಒಮ್ಮೆ ಅಲ್ಲಿ ಬಣ್ಣದ ಮೇಲೆ ಕೂದಲೆಳೆಯಷ್ಟು ತುಕ್ಕಿನ ಗೆರೆ ಕಂಡಿತು. ‘ಪೇಂಟ್ ಬಿಟ್ಟಿದೆ ಅಷ್ಟೇ’ ಎಂದರು ಶೆಡ್ಡಿನವರು. ಬಣ್ಣ ಕೆರೆದು ಡಿಪಿ ಟೆಸ್ಟ್ (ಡೈ ಪೆನೆಟ್ರಂಟ್, ಬಿರುಕು ಹುಡುಕುವ ಪರೀಕ್ಷೆ) ಮಾಡಿಸಿದೆವು. ಕೆಂಪು ದ್ರವ ಸಿಂಪಡಿಸಿ, ಹತ್ತು ನಿಮಿಷ ಕಾದು, ಒರೆಸಿ, ಮೇಲೆ ಬಿಳಿ ಡೆವಲಪರ್ ಹೊಡೆಯುತ್ತಾರೆ. ನೋಡನೋಡುತ್ತಿದ್ದಂತೆ ಬಿಳಿಯ ಮೇಲೆ ಕೆಂಪು ಗೆರೆ ಮೂಡಿತು. ಬೆರಳುದ್ದದ ಬಿರುಕು! ಆ ಕ್ರೇನನ್ನು ಅವತ್ತೇ ನಿಲ್ಲಿಸಿದೆವು.

ಆಮೇಲೆ ಲೆಕ್ಕ. ಸುಮ್ನೆ ಒಂದು ಉದಾಹರಣೆ: 10 ಮೀಟರ್ ಅಗಲದ ಶೆಡ್, ಬ್ರಿಡ್ಜ್ 4 ಟನ್, ಟ್ರಾಲಿ 1 ಟನ್, ಎತ್ತುವ ಭಾರ 5 ಟನ್. ಟ್ರಾಲಿ ಒಂದು ಬದಿಯ ಹಳಿಗೆ 1 ಮೀಟರ್ ಹತ್ತಿರ ಬಂದಾಗ ಆ ಬದಿಯ ಎರಡು ಚಕ್ರಗಳ ಮೇಲೆ ತಲಾ 3.7 ಟನ್ ಬೀಳುತ್ತದೆ. 10 ಟನ್ ಕ್ರೇನಿಗೆ ಬ್ರಿಡ್ಜ್ 6 ಟನ್, ಟ್ರಾಲಿ ಒಂದೂವರೆ ಟನ್ ಎಂದಿಟ್ಟುಕೊಂಡರೆ ಇದು ಸುಮಾರು 6.7 ಟನ್ನಿಗೆ ಏರುತ್ತದೆ. ಎತ್ತಿ ಇಳಿಸುವಾಗಿನ ಜಗ್ಗಾಟಕ್ಕೆ ಇನ್ನೂ ಶೇ 25 ಸೇರಿಸಬೇಕು. ಅಲ್ಲಿಗೆ 8 ಟನ್ ದಾಟಿತು. ಟ್ರಾಲಿ ಬ್ರೇಕ್ ಹಾಕಿದಾಗ ಗರ್ಡರನ್ನು ಪಕ್ಕಕ್ಕೆ ತಳ್ಳುವ ಬಲ ಬೇರೆ. ಗರ್ಡರ್ ಮುರಿಯದಿದ್ದರೆ ಸಾಕು ಎನ್ನುವಂತಿಲ್ಲ, ಅದು ಬಾಗುವುದಕ್ಕೂ ಮಿತಿಯಿದೆ. ಉಕ್ಕಿನ ಕಟ್ಟಡಗಳ ಮಾನದಂಡ ಐಎಸ್ 800ರ ಪ್ರಕಾರ 50 ಟನ್ನಿನವರೆಗಿನ ವಿದ್ಯುತ್ ಕ್ರೇನಿಗೆ ಉದ್ದದ 750ರಲ್ಲಿ ಒಂದು ಭಾಗ. ಅಂದರೆ 6 ಮೀಟರ್ ಗರ್ಡರ್ 8 ಮಿಲಿಮೀಟರ್‌ಗಿಂತ ಜಾಸ್ತಿ ಬಾಗಬಾರದು.

ವರದಿ ‘ಆಗುವುದಿಲ್ಲ’ ಎಂದರೆ ಕನ್ಸಲ್ಟೆಂಟ್ ಜೊತೆ ಚೌಕಾಸಿ ಬೇಡ. ಗರ್ಡರಿಗೆ ಪ್ಲೇಟ್ ಸೇರಿಸಿ ಬಲಪಡಿಸಬಹುದು, ಹೊಸ ಕಂಬ ಕೊಡಬಹುದು. ಕೆಲವು ಶೆಡ್‌ಗಳಲ್ಲಿ ಕ್ರೇನನ್ನು 5 ಟನ್ನಿಗೇ ಬಿಟ್ಟು ಆ ಒಂದು ಜಾಬಿಗೆ ಹೊರಗಿನಿಂದ ಮೊಬೈಲ್ ಕ್ರೇನ್ ತರಿಸುವುದೇ ಅಗ್ಗ.

ಕೆಲಸ ಮುಗಿದ ಮೇಲೆ ಲೋಡ್ ಟೆಸ್ಟ್. 10 ಟನ್ ಕ್ರೇನಿಗೆ ಶೇ 125, ಅಂದರೆ 12.5 ಟನ್. ಜನರನ್ನೆಲ್ಲ ಹೊರಗೆ ಕಳಿಸಿ, ನೆಲದಿಂದ ಗೇಣುದ್ದ ಎತ್ತಿ ಹಿಡಿಯಿರಿ. ಭಾರ ಇಳಿಸಿದ ಮೇಲೆ ಗರ್ಡರ್ ಮೊದಲಿನ ಮಟ್ಟಕ್ಕೇ ವಾಪಸ್ ಬರಬೇಕು. ವರ್ಷಕ್ಕೊಮ್ಮೆಯಾದರೂ ಅರ್ಹರಿಂದ ತಪಾಸಣೆ ಮಾಡಿಸಬೇಕು ಎಂಬುದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬಂದ ನಿಯಮ. ಆ ತಾರೀಖನ್ನು ರಿಜಿಸ್ಟರಿನಲ್ಲಿ ಬರೆದಿಡಿ. ಬ್ರಿಡ್ಜಿನ ಮೇಲೆ ‘10 ಟನ್’ ಎಂದು ಕನ್ನಡದಲ್ಲೂ ಹಿಂದಿಯಲ್ಲೂ ಬರೆಸಿ. ಕೆಳಗೆ ಸ್ಲಿಂಗ್ ಕಟ್ಟುವ ಹುಡುಗ ತಲೆ ಎತ್ತಿದರೆ ಓದುವಷ್ಟು ದೊಡ್ಡದಾಗಿರಲಿ.